ಸುಮ್ನೆ ಇರುವುದಕ್ಕೂ ಕಾರಣ ಕೊಡಿ

ಬಯೋಎಥಿಕ್ಸ್, ಅಂದರೆ ವೈದ್ಯಕೀಯದಲ್ಲಿ ಯಾವುದು ಸರಿ ಯಾವುದು ತಪ್ಪು ಅನ್ನುವ ಜಗಳಗಳನ್ನು ಓದುವ ಚಟ ನನಗೆ ಹಳೆಯದು. ಅಂಗಾಂಗ ದಾನ, ದಯಾಮರಣ, ಪ್ರಣಾಳ ಶಿಶು, ಭ್ರೂಣದ ಜೀನ್ ತಿದ್ದುವುದು, ಹೊಸ ಔಷಧದ ಪ್ರಯೋಗ, ಯಾವುದೇ ಇರಲಿ, ಕಣ್ಣಿಗೆ ಬಿದ್ದರೆ ಓದುತ್ತೇನೆ, ಅವಕಾಶ ಸಿಕ್ಕರೆ ನಡುವೆ ಮೂಗು ತೂರಿಸುತ್ತೇನೆ. ಜನ ಕೊನೆಗೆ ಯಾವ ಕಡೆ ನಿಲ್ಲುತ್ತಾರೆ ಅನ್ನುವುದು ನನಗೆ ಅಷ್ಟು ದೊಡ್ಡ ವಿಷಯ ಅಲ್ಲ. ದಯಾಮರಣ ಬೇಕು ಅನ್ನುವವರಲ್ಲೂ ಬೇಡ ಅನ್ನುವವರಲ್ಲೂ ತಲೆ ಇರುವವರು ಇದ್ದಾರೆ. ನನಗೆ ತಲೆ ಕೆಡುವುದು ಅವರು ಅಲ್ಲಿಗೆ ಹೋಗಿ ಮುಟ್ಟಿದ ದಾರಿ ನೋಡಿ. ಮೊದಲು ತೀರ್ಮಾನ, ಆಮೇಲೆ ಕಾರಣದ ಹುಡುಕಾಟ. ಅದು ಎಲ್ಲ ಕಡೆ ಇರುವುದೇ, ಬಿಡಿ. ಆದರೆ ಈ ವಿಷಯದಲ್ಲಿ ಇನ್ನೊಂದು ಚಾಳಿ ಇದೆ. ಒಮ್ಮೆ ಅದು ಕಣ್ಣಿಗೆ ಬಿತ್ತೋ, ಆಮೇಲೆ ಎಲ್ಲಿ ನೋಡಿದರೂ ಅದೇ.

ಏನಾದರೂ ಮಾಡೋಣ ಅಂದವರನ್ನು ಎದುರಿಗೆ ಕೂರಿಸಿ ನೂರೆಂಟು ಪ್ರಶ್ನೆ ಕೇಳುತ್ತೇವೆ. ಅಪಾಯ ಎಷ್ಟು? ಯಾರ ಒಪ್ಪಿಗೆ ತಗೊಂಡ್ರಿ? ಮುಂದೆ ಇದು ಎಲ್ಲಿಗೆ ಹೋಗಿ ನಿಲ್ಲುತ್ತೆ? ಒಳ್ಳೆಯ ಪ್ರಶ್ನೆಗಳೇ. ಆದರೆ ಪಕ್ಕದಲ್ಲೇ 'ಈಗ ಹೇಗಿದೆಯೋ ಹಾಗೇ ಇರಲಿ' ಅಂತ ಕೂತವರಿಗೆ ಒಂದೂ ಪ್ರಶ್ನೆ ಇಲ್ಲ. ಅವರು ಪರೀಕ್ಷೆ ಬರೆಯದೇ ಪಾಸ್. ಹಾಗೇ ಇರಲಿ ಅನ್ನುವುದೂ ಒಂದು ನಿರ್ಧಾರ ಅಲ್ವಾ? ಅದರಿಂದಲೂ ಜನ ನರಳುತ್ತಾರೆ, ಸಾಯುತ್ತಾರೆ. ಅದನ್ನು ಯಾರೂ ಅವರ ಲೆಕ್ಕಕ್ಕೆ ಬರೆಯುವುದಿಲ್ಲ, ಅಷ್ಟೇ.

ಇದನ್ನು ಬಹಳ ಹಿಂದೆಯೇ, ಬಹಳ ನೋವಿನಿಂದ ಹೇಳಿದವರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. 1736ರಲ್ಲಿ ಅವರ ನಾಲ್ಕು ವರ್ಷದ ಮಗ ಸಿಡುಬಿನಿಂದ ತೀರಿಕೊಂಡ. ಎಡ್ವರ್ಡ್ ಜೆನ್ನರ್ ಅವರ ಸಿಡುಬಿನ ಲಸಿಕೆ ಬರಲು ಇನ್ನೂ 60 ವರ್ಷ ಇತ್ತು. ಆಗ ಇದ್ದದ್ದು ಹಳೆಯ ವಿಧಾನ. ಸಿಡುಬು ಬಂದವರ ಗುಳ್ಳೆಯಿಂದ ಕೀವು ತೆಗೆದು ಆರೋಗ್ಯವಂತರ ಚರ್ಮ ಗೀರಿ ಹಚ್ಚುತ್ತಿದ್ದರು. ಹೆಚ್ಚಿನವರಿಗೆ ಸಣ್ಣದಾಗಿ ಸಿಡುಬು ಬಂದು ಹೋಗುತ್ತಿತ್ತು. ಆದರೆ ಕೆಲವರು ಅದರಿಂದಲೇ ಸಾಯುತ್ತಿದ್ದರು, ಅದು ಸುಳ್ಳಲ್ಲ. 1721ರಲ್ಲಿ ಬಾಸ್ಟನ್ನಿನಲ್ಲಿ ಸಿಡುಬು ಹರಡಿದಾಗ ತಾನಾಗಿ ರೋಗ ತಗುಲಿದವರಲ್ಲಿ ನೂರಕ್ಕೆ ಸುಮಾರು 14 ಜನ ಸತ್ತರು, ಹಚ್ಚಿಸಿಕೊಂಡವರಲ್ಲಿ ಸುಮಾರು 2. ಆ ವರ್ಷ ಫ್ರಾಂಕ್ಲಿನ್ ಅದೇ ಊರಿನಲ್ಲಿ ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ, ಮತ್ತು ಅಣ್ಣನ ಪತ್ರಿಕೆ ಈ ವಿಧಾನದ ವಿರುದ್ಧ ಬರೆದದ್ದೇ ಬರೆದದ್ದು. ಮುಂದೆ ದೊಡ್ಡವರಾದ ಮೇಲೆ ಫ್ರಾಂಕ್ಲಿನ್ ಇದರ ಪರ ತಿರುಗಿದ್ದರು. ಆದರೂ ಮಗನಿಗೆ ಹಚ್ಚಿಸಿರಲಿಲ್ಲ. ಆತ್ಮಕಥೆಯಲ್ಲಿ ಅವರು ಆ ಪಶ್ಚಾತ್ತಾಪವನ್ನು ಬರೆದುಕೊಂಡು, ಕೂಡಲೇ ಬೇರೆ ತಂದೆತಾಯಿಗಳಿಗೆ ಒಂದು ಮಾತು ಹೇಳುತ್ತಾರೆ. ಹಚ್ಚಿಸಿ ಮಗು ಸತ್ತರೆ ನಮ್ಮನ್ನು ನಾವು ಕ್ಷಮಿಸಿಕೊಳ್ಳಲು ಆಗಲ್ಲ ಅಂತ ನೀವು ಹಿಂಜರಿಯುತ್ತೀರಿ. ಹಚ್ಚಿಸದೆ ಸತ್ತರೂ ಸಂಕಟ ಅಷ್ಟೇ ಇರುತ್ತದೆ. ಹಾಗಾಗಿ ಯಾವುದರಲ್ಲಿ ಅಪಾಯ ಕಡಿಮೆಯೋ ಅದನ್ನು ಆರಿಸಿಕೊಳ್ಳಿ.

ಆ ಹಿಂಜರಿಕೆ ಇವತ್ತೂ ಹಾಗೇ ಇದೆ. 1990ರಲ್ಲಿ ಇಲಾನಾ ರಿಟೊವ್ ಮತ್ತು ಜೊನಾಥನ್ ಬ್ಯಾರನ್ ಅನ್ನುವ ಇಬ್ಬರು ಸಂಶೋಧಕರು ಜನರ ಮುಂದೆ ಒಂದು ಕಲ್ಪನೆಯ ಸನ್ನಿವೇಶ ಇಟ್ಟರು. ಒಂದು ಜ್ವರ 10,000 ಮಕ್ಕಳಲ್ಲಿ 10 ಮಕ್ಕಳನ್ನು ಕೊಲ್ಲುತ್ತದೆ. ಲಸಿಕೆ ಹಾಕಿದರೆ ಆ ಸಾವು ತಪ್ಪುತ್ತದೆ, ಆದರೆ ಲಸಿಕೆಯಿಂದಲೇ ಕೆಲವು ಮಕ್ಕಳು ಸಾಯಬಹುದು. ಎಷ್ಟರವರೆಗೆ ಆದರೆ ನೀವು ಹಾಕಿಸುತ್ತೀರಿ? ಲೆಕ್ಕ ಸುಲಭ. 9 ಆದರೂ ಹಾಕಿಸುವುದೇ ಮೇಲು. ಆದರೆ ಅನೇಕರು 9ರ ಹತ್ತಿರಕ್ಕೂ ಬರಲಿಲ್ಲ. ಕೆಲವರು ಲಸಿಕೆಯಿಂದ ಒಂದು ಸಾವೂ ಇರಬಾರದು ಅಂದರು. ರೋಗದಿಂದ ಸತ್ತರೆ ಅದು ವಿಧಿ, ಸೂಜಿಯಿಂದ ಸತ್ತರೆ ಅದು ನಾನು ಮಾಡಿದ್ದು. ಮಗುವಿನ ಕಡೆಯಿಂದ ನೋಡಿದರೆ ಎರಡಕ್ಕೂ ಏನು ವ್ಯತ್ಯಾಸ, ಯಾರಾದರೂ ಹೇಳಿ.

ಇದು ಪ್ರಯೋಗಶಾಲೆಯ ಪ್ರಶ್ನೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ದೊಡ್ಡಪ್ಪ ಐಸಿಯುನಲ್ಲಿದ್ದಾಗ ನಾನು ಹೊರಗಿನ ಬೆಂಚಿನಲ್ಲಿ ಕೂತು ಇದನ್ನೇ ನೋಡಿದ್ದೇನೆ. ಅವರು ವೆಂಟಿಲೇಟರ್ ಮೇಲಿದ್ದರು, ಮಿದುಳಿಗೆ ಆದ ಪೆಟ್ಟು ದೊಡ್ಡದು, ಮತ್ತೆ ಎಚ್ಚರ ಆಗುವ ಆಸೆ ಇಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದ್ದರು. ಈಗ ಕಿಡ್ನಿಯೂ ಕೈಕೊಡುತ್ತಿತ್ತು. ಡಯಾಲಿಸಿಸ್ ಶುರು ಮಾಡೋಣವಾ ಅಂತ ಡಾಕ್ಟರು ಕೇಳಿದರು. "ಬೇಡ ಡಾಕ್ಟ್ರೇ, ಅವರಿಗೆ ಇನ್ನೂ ಹಿಂಸೆ ಕೊಡೋದು ಬೇಡ" ಅಂತ ಅಣ್ಣ ತಕ್ಷಣ ಹೇಳಿದ. ಎಲ್ಲರೂ ತಲೆ ಆಡಿಸಿದರು. ಎರಡು ನಿಮಿಷದಲ್ಲಿ ಮುಗಿದ ಮಾತು. ಹಾಗಾದರೆ ವೆಂಟಿಲೇಟರ್ ಬಗ್ಗೆಯೂ ಯೋಚಿಸಿ ಅಂದಾಗ ಅದೇ ಅಣ್ಣನ ಮುಖ ಬಿಳಿಚಿಕೊಂಡಿತು. "ಅದನ್ನ ಹೇಗೆ ತೆಗೆಯೋಕಾಗುತ್ತೆ? ನಾವೇ ಕೈಯಾರೆ ಕೊಂದ ಹಾಗೆ ಆಗಲ್ವಾ?" ಅಂದ. ಯಾರೂ ಉತ್ತರ ಕೊಡಲಿಲ್ಲ.

ಅಣ್ಣನನ್ನು ನಾನು ದೂರುತ್ತಿಲ್ಲ. ಆದರೆ ಎರಡೂ ನಿರ್ಧಾರಕ್ಕೆ ಕಾರಣ ಒಂದೇ, ಉಪಯೋಗವಿಲ್ಲದ ಹಿಂಸೆ ಬೇಡ ಅನ್ನುವುದು. ಫಲವೂ ಒಂದೇ. ಒಂದು ಶುರು ಮಾಡದಿರುವುದು, ಇನ್ನೊಂದು ಶುರು ಮಾಡಿದ್ದನ್ನು ನಿಲ್ಲಿಸುವುದು. ವೈದ್ಯಕೀಯ ನೀತಿಶಾಸ್ತ್ರದವರಲ್ಲಿ ಹೆಚ್ಚಿನವರು ಈ ಎರಡಕ್ಕೂ ನೈತಿಕವಾಗಿ ವ್ಯತ್ಯಾಸ ಇಲ್ಲ ಅಂತ ಬಹಳ ಹಿಂದಿನಿಂದ ಹೇಳುತ್ತಿದ್ದಾರೆ. ಬೆಂಚಿನ ಮೇಲೆ ಕೂತವರಿಗೆ ಮಾತ್ರ ಅದು ಹಾಗೆ ಅನ್ನಿಸುವುದಿಲ್ಲ. ಮತ್ತೆ ಇದರಿಂದ ಆಗುವ ತೊಂದರೆ ಆ ಒಬ್ಬ ರೋಗಿಗೇ ಮುಗಿಯುವುದಿಲ್ಲ. ಮುಂದೆ ನಮ್ಮ ಮನೆಯ ಇನ್ನೊಬ್ಬರಿಗೆ ನ್ಯುಮೋನಿಯಾ ಆಗಿ ಉಸಿರಾಟಕ್ಕೆ ಕಷ್ಟ ಆದಾಗ ಮೊದಲು ಕೇಳಿಬಂದ ಮಾತು "ವೆಂಟಿಲೇಟರ್ ಹಾಕೋದೇ ಬೇಡ, ಹಾಕಿದ್ರೆ ಆಮೇಲೆ ತೆಗೆಯೋಕಾಗಲ್ಲ" ಅಂತ. ಅವರಿಗೆ ಉಳಿಯುವ ಅವಕಾಶ ಚೆನ್ನಾಗಿಯೇ ಇತ್ತು. ನಿಲ್ಲಿಸುವುದು ಪಾಪ ಅಂದುಕೊಂಡ ಕೂಡಲೇ ಶುರು ಮಾಡುವುದಕ್ಕೂ ಭಯ ಹುಟ್ಟುತ್ತದೆ, ಶುರು ಮಾಡಿದ್ದರೆ ಬದುಕುತ್ತಿದ್ದವರು ಆ ಭಯಕ್ಕೆ ಬಲಿಯಾಗುತ್ತಾರೆ. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಜಾಣೆ. ಕೆಲವು ದಿನ ಅಂತ ಗಡುವು ಇಟ್ಟುಕೊಂಡು ಹಾಕೋಣ, ಏನು ಸುಧಾರಿಸಬೇಕು ಅಂತ ಈಗಲೇ ಮಾತಾಡಿಕೊಳ್ಳೋಣ, ಸುಧಾರಿಸದಿದ್ದರೆ ಮತ್ತೆ ಕೂತು ನೋಡೋಣ ಅಂದರು. ಐಸಿಯುಗಳಲ್ಲಿ ಇದು ಗೊತ್ತಿರುವ ಪದ್ಧತಿಯೇ. ಆಮೇಲೆ ಏನಾಯಿತು ಅಂತ ನಾನು ಬೇಕೆಂದೇ ಬರೆಯುತ್ತಿಲ್ಲ. ರೋಗಿ ಉಳಿದರೆ ನಿರ್ಧಾರ ಸರಿ, ಹೋದರೆ ತಪ್ಪು ಅಂತ ಅಳೆಯುವುದೂ ಒಂದು ಕೆಟ್ಟ ಚಾಳಿ. ಆ ಹೊತ್ತಿಗೆ ಗೊತ್ತಿದ್ದದ್ದನ್ನು ಇಟ್ಟುಕೊಂಡು ನೋಡಿದರೆ ಅದು ಒಳ್ಳೆಯ ನಿರ್ಧಾರ.

ಮಾಡುವುದಕ್ಕೂ ಆಗಲು ಬಿಡುವುದಕ್ಕೂ ಯಾವಾಗಲೂ ವ್ಯತ್ಯಾಸವೇ ಇಲ್ಲ ಅಂತಲೂ ನಾನು ಹೇಳುತ್ತಿಲ್ಲ. 1975ರಲ್ಲಿ ಜೇಮ್ಸ್ ರೇಚಲ್ಸ್ ಅನ್ನುವ ತತ್ವಶಾಸ್ತ್ರಜ್ಞ ಒಂದು ಉದಾಹರಣೆ ಕೊಟ್ಟಿದ್ದರು. ಆಸ್ತಿಗಾಗಿ ಒಬ್ಬ ಸಂಬಂಧಿಕ ಹುಡುಗನನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಇನ್ನೊಬ್ಬ ಅದೇ ಉದ್ದೇಶದಿಂದ ಒಳಗೆ ಹೋದರೆ ಹುಡುಗ ತಾನೇ ಜಾರಿ ಮುಳುಗುತ್ತಿರುತ್ತಾನೆ. ಇವನು ಸುಮ್ನೆ ನಿಂತು ನೋಡುತ್ತಾನೆ. ಎರಡನೆಯವನು ಒಳ್ಳೆಯವನು ಅನ್ನುವ ಧೈರ್ಯ ಯಾರಿಗಿದೆ? ಉದಾಹರಣೆ ಚೆನ್ನಾಗಿದೆ, ಆದರೆ ಅದರಿಂದ ಎಲ್ಲವನ್ನೂ ಎಳೆಯಬಾರದು. ಆರೋಗ್ಯವಾಗಿರುವ ಒಬ್ಬನನ್ನು ಕೊಂದು ಅವನ ಅಂಗಗಳಿಂದ ಐವರನ್ನು ಉಳಿಸುವುದು ತಪ್ಪು, ಐವರು ಸಾಯಲು ಬಿಟ್ಟಂತೆ ಆದರೂ ತಪ್ಪೇ. ಅಂದರೆ ಕೆಲವು ಕಡೆ ವ್ಯತ್ಯಾಸ ಇದೆ. ಇದೆ ಅನ್ನುವವರು ಈ ಪ್ರಕರಣದಲ್ಲಿ ಯಾಕೆ ಇದೆ ಅಂತ ಹೇಳಬೇಕು. ನನ್ನ ತಕರಾರು ಅಷ್ಟೇ.

ಈಗ ನನಗೆ ತುಂಬಾ ಹಿಡಿಸಿದ ಉದಾಹರಣೆಗೆ ಬರುತ್ತೇನೆ. ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

1940ರ ದಶಕದಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನು ಹೊಸ ಥರದ ಇನ್‌ಕ್ಯುಬೇಟರ್‌ಗಳಲ್ಲಿ ಇಟ್ಟು ಧಾರಾಳವಾಗಿ ಆಕ್ಸಿಜನ್ ಕೊಡಲು ಶುರು ಮಾಡಿದರು. ಮಗು ನೀಲಿಯಾಗಿದೆ, ಆಕ್ಸಿಜನ್ ಕೊಟ್ಟರೆ ಕೆಂಪಗಾಗುತ್ತದೆ. ಇದಕ್ಕಿಂತ ಒಳ್ಳೆಯ ಕೆಲಸ ಇನ್ನೇನಿದೆ? ಆದರೆ ಅದೇ ಕಾಲದಲ್ಲಿ ಇಂಥ ಮಕ್ಕಳು ಕುರುಡರಾಗುವುದು ಜಾಸ್ತಿಯಾಯಿತು. 1950ರ ದಶಕದ ಮೊದಲ ಭಾಗದ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 10,000 ಮಕ್ಕಳು ಕಣ್ಣು ಕಳೆದುಕೊಂಡಿದ್ದರು. 1950ರಲ್ಲಿ ತಿಂಗಳು ತುಂಬದೆ ಹುಟ್ಟಿದ ಹಾಡುಗಾರ ಸ್ಟೀವೀ ವಂಡರ್ ಕೂಡ ಹೀಗೇ ದೃಷ್ಟಿ ಕಳೆದುಕೊಂಡವರು. ಆರ್ನಾಲ್ ಪ್ಯಾಟ್ಜ್ ಅನ್ನುವ ಯುವ ಕಣ್ಣಿನ ಡಾಕ್ಟರಿಗೆ ಆಕ್ಸಿಜನ್ ಮೇಲೆ ಅನುಮಾನ ಬಂತು. ಕೆಲವು ಮಕ್ಕಳಿಗೆ ಜಾಸ್ತಿ, ಕೆಲವು ಮಕ್ಕಳಿಗೆ ಕಡಿಮೆ ಕೊಟ್ಟು ಹೋಲಿಸಿ ನೋಡುತ್ತೇನೆ ಅಂತ ಸರಕಾರದ ಹಣಕ್ಕೆ ಅರ್ಜಿ ಹಾಕಿದರು. ಕಡಿಮೆ ಕೊಟ್ಟರೆ ಮಕ್ಕಳು ಸಾಯುತ್ತವೆ, ಇದು ಅನೈತಿಕ ಅಂತ ಅರ್ಜಿ ತಿರಸ್ಕಾರವಾಯಿತು. ಅವರು ಒಡಹುಟ್ಟಿದವರ ಹತ್ತಿರ ಸಾಲ ಮಾಡಿ ವಾಷಿಂಗ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಪ್ರಯೋಗ ಶುರು ಮಾಡಿದರು. ಅಲ್ಲಿ ರಾತ್ರಿ ಪಾಳಿಯ ಕೆಲವು ನರ್ಸ್‌ಗಳು ಕಡಿಮೆ ಆಕ್ಸಿಜನ್ ಗುಂಪಿನ ಮಕ್ಕಳನ್ನು ನೋಡಲಾಗದೆ, ಯಾರಿಗೂ ಹೇಳದೆ ನಾಬ್ ತಿರುಗಿಸಿ ಜಾಸ್ತಿ ಬಿಡುತ್ತಿದ್ದರು. ನನಗೆ ಆ ನರ್ಸ್‌ಗಳು ಕಣ್ಣಿಗೆ ಕಟ್ಟುತ್ತಾರೆ. ಅವರ ಮನಸ್ಸಿನಲ್ಲಿ ಕರುಣೆ ಬಿಟ್ಟು ಬೇರೆ ಏನೂ ಇರಲಿಲ್ಲ. ಆ ಕರುಣೆಯೇ ಮಕ್ಕಳ ಕಣ್ಣಿಗೆ ವಿಷವಾಗುತ್ತಿತ್ತು.

1953ರಲ್ಲಿ ಶುರುವಾದ, ಹಲವು ಆಸ್ಪತ್ರೆಗಳು ಸೇರಿ ಮಾಡಿದ ದೊಡ್ಡ ಪ್ರಯೋಗದಲ್ಲಿ ಆಕ್ಸಿಜನ್‌ದೇ ತಪ್ಪು ಅಂತ ಖಚಿತವಾಯಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಈಗ ಎಲ್ಲರೂ ಇನ್ನೊಂದು ತುದಿಗೆ ಓಡಿದರು. ಆಕ್ಸಿಜನ್ ಬಿಗಿ ಹಿಡಿದರು. ಕುರುಡುತನ ಇಳಿಯಿತು. ಆದರೆ ಎಷ್ಟು ಕಡಿಮೆ ಮಾಡಿದರೆ ಮಕ್ಕಳು ಸಾಯುತ್ತವೆ ಅನ್ನುವುದನ್ನು ಯಾರೂ ಸರಿಯಾಗಿ ಪರೀಕ್ಷೆ ಮಾಡಿರಲಿಲ್ಲ. 1973ರಲ್ಲಿ ಕೆನೆತ್ ಕ್ರಾಸ್ ಅನ್ನುವ ಸಂಶೋಧಕರು ಬ್ರಿಟನ್ನಿನ ಅಂಕಿಅಂಶ ನೋಡಿ ಒಂದು ಅಂದಾಜು ಮುಂದಿಟ್ಟರು. ಒಂದು ಮಗುವಿನ ಕಣ್ಣು ಉಳಿಸಲು ಸುಮಾರು 16 ಮಕ್ಕಳ ಜೀವ ಹೋಗಿರಬಹುದು. ಕಣ್ಣು ಹೋದ ಮಗು ಎದುರಿಗೆ ಕಾಣುತ್ತದೆ, ಬೆಳೆಯುತ್ತದೆ, ಅದರ ತಾಯಿ ಬಂದು ಪ್ರಶ್ನೆ ಕೇಳುತ್ತಾಳೆ. ಹುಟ್ಟಿದ ದಿನವೇ ಹೋದ ಮಗು 'ಪಾಪ, ಬಹಳ ಚಿಕ್ಕದಿತ್ತು' ಅನ್ನುವ ಮಾತಿನಲ್ಲಿ ಮುಗಿದುಹೋಗುತ್ತದೆ. ಸೇಫ್ ಸೈಡ್ ಅಂತ ನಾವು ಕರೆಯುವುದು ಎಷ್ಟೋ ಸಲ ನಮಗೆ ಸೇಫ್ ಅಷ್ಟೇ.

ಇನ್ನೂ ಇದೆ. 2005ರಿಂದ ಕೆಲವು ವರ್ಷ ಅಮೆರಿಕದಲ್ಲಿ ಸುಮಾರು 1,300 ಮಕ್ಕಳ ಮೇಲೆ ಇದೇ ಪ್ರಶ್ನೆಯ ಪ್ರಯೋಗ ನಡೆಯಿತು. ರಕ್ತದಲ್ಲಿ ಆಕ್ಸಿಜನ್ ಮಟ್ಟ 85ರಿಂದ 89 ಪರ್ಸೆಂಟ್ ಇರಬೇಕೋ 91ರಿಂದ 95 ಇರಬೇಕೋ ಅಂತ. ಎರಡೂ ಆಗ ಡಾಕ್ಟರುಗಳು ಮಾಮೂಲಾಗಿ ಬಳಸುತ್ತಿದ್ದ ಮಿತಿಯೊಳಗೇ ಇದ್ದವು. 2010ರಲ್ಲಿ ಫಲಿತಾಂಶ ಬಂತು. ಕಡಿಮೆ ಮಟ್ಟದ ಗುಂಪಿನಲ್ಲಿ 19.9 ಪರ್ಸೆಂಟ್ ಮಕ್ಕಳು ಸತ್ತಿದ್ದವು, ಹೆಚ್ಚಿನ ಮಟ್ಟದಲ್ಲಿ 16.2. ಉಳಿದ ಮಕ್ಕಳಲ್ಲಿ ಕಣ್ಣಿನ ಗಂಭೀರ ತೊಂದರೆ ಮಾತ್ರ ಕಡಿಮೆ ಗುಂಪಿನಲ್ಲಿ 8.6, ಹೆಚ್ಚಿನದರಲ್ಲಿ 17.9. ಅರವತ್ತು ವರ್ಷ ಊಹೆಯಲ್ಲಿ ನಡೆದಿದ್ದ ವಿಷಯಕ್ಕೆ ಕೊನೆಗೂ ಒಂದು ಉತ್ತರ. 2013ರಲ್ಲಿ ಸಂಶೋಧನೆಯ ಮೇಲೆ ಕಣ್ಣಿಡುವ ಸರಕಾರಿ ಕಚೇರಿ, ಒಪ್ಪಿಗೆ ಪತ್ರದಲ್ಲಿ ಈ ಅಪಾಯಗಳನ್ನು ಸರಿಯಾಗಿ ಹೇಳಿರಲಿಲ್ಲ ಅಂತ ಪತ್ರ ಬರೆಯಿತು. ಆ ಆಕ್ಷೇಪದಲ್ಲಿ ಹುರುಳಿದೆ. ತಂದೆತಾಯಿಗೆ ಬಿಡಿಸಿ ಹೇಳಬೇಕಿತ್ತು. ಆದರೆ ಅದರ ಬೆನ್ನಿಗೆ ಎದ್ದ 'ಮಕ್ಕಳನ್ನು ಗಿನಿಪಿಗ್ ಮಾಡಿದರು' ಅನ್ನುವ ಕೂಗು ಇದೆಯಲ್ಲ, ಅದಕ್ಕೆ ನನ್ನ ಒಂದೇ ಪ್ರಶ್ನೆ. ಪ್ರಯೋಗದ ಹೊರಗೆ, ಪಕ್ಕದ ವಾರ್ಡಿನಲ್ಲಿ, ತನಗೆ ಸರಿ ಕಂಡ ಮಟ್ಟಕ್ಕೆ ನಾಬ್ ತಿರುಗಿಸುತ್ತಿದ್ದ ಡಾಕ್ಟರು ಯಾವ ಒಪ್ಪಿಗೆ ಪತ್ರ ಕೊಟ್ಟಿದ್ದರು? ಅವರದೂ ಪ್ರಯೋಗವೇ. ಫಲಿತಾಂಶ ಬರೆದಿಡದ ಪ್ರಯೋಗ.

ಇದೇ ಥರದ್ದು ಇನ್ನೊಂದಿದೆ, ಕೇಳಿದರೆ ನಗು ಬರುತ್ತದೆ. ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆಯಿಂದ, ಅಂದರೆ ಕೆಥೀಟರ್‌ನಿಂದ, ಐಸಿಯು ರೋಗಿಗಳಿಗೆ ಸೋಂಕು ತಗುಲುವುದು ದೊಡ್ಡ ಸಮಸ್ಯೆ. ಪೀಟರ್ ಪ್ರೊನೊವೊಸ್ಟ್ ಅನ್ನುವ ಡಾಕ್ಟರು ಒಂದು ಪಟ್ಟಿ ಮಾಡಿದರು. ಕೈ ತೊಳೆಯಿರಿ. ಕ್ಲೋರ್‌ಹೆಕ್ಸಿಡಿನ್ ಅನ್ನುವ ಸೋಂಕುನಿವಾರಕ ಹಾಕಿ ಚರ್ಮ ಒರೆಸಿ. ರೋಗಿಯನ್ನು ಪೂರ್ತಿ ಮುಚ್ಚಿ, ನೀವೂ ಗೌನು ಗ್ಲೌಸು ಹಾಕಿಕೊಳ್ಳಿ. ಆದಷ್ಟು ತೊಡೆಸಂದಿಯಲ್ಲಿ ಚುಚ್ಚಬೇಡಿ. ಬೇಡವಾದ ಕೂಡಲೇ ತೆಗೆಯಿರಿ. ಅಷ್ಟೇ. ಇದರಲ್ಲಿ ಹೊಸದೇನೂ ಇಲ್ಲ, ಎಲ್ಲ ಡಾಕ್ಟರಿಗೂ ಗೊತ್ತಿದ್ದದ್ದೇ. ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಇದನ್ನು ಜಾರಿಗೆ ತಂದು ಸೋಂಕು ಎಷ್ಟು ಇಳಿಯಿತು ಅಂತ ಅಳೆದರು. 18 ತಿಂಗಳಲ್ಲಿ 66 ಪರ್ಸೆಂಟ್‌ವರೆಗೂ ಇಳಿದಿತ್ತು. 2006ರಲ್ಲಿ ಅದು ಪ್ರಕಟವಾಯಿತು. 2007ರಲ್ಲಿ ನಾನು ಮೇಲೆ ಹೇಳಿದ ಅದೇ ಕಚೇರಿ, ಇದು ಮನುಷ್ಯರ ಮೇಲಿನ ಸಂಶೋಧನೆ, ಸರಿಯಾದ ಎಥಿಕ್ಸ್ ಪರಿಶೀಲನೆ ಮತ್ತು ಒಪ್ಪಿಗೆ ಇಲ್ಲದೆ ಮಾಡಿದ್ದೀರಿ ಅಂತ ತಕರಾರು ತೆಗೆಯಿತು. ಗಲಾಟೆ ಎದ್ದ ಮೇಲೆ 2008ರ ಫೆಬ್ರವರಿಯಲ್ಲಿ ಮುಂದುವರಿಸಬಹುದು ಅಂತ ಹೇಳಿತು. ಈಗ ಯೋಚಿಸಿ. ಆಸ್ಪತ್ರೆಯವರು ಪಟ್ಟಿ ಜಾರಿಗೆ ತಂದು ಏನನ್ನೂ ಅಳೆಯದೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪಟ್ಟಿಯನ್ನೇ ತರದೆ, ಕೈ ತೊಳೆಯದೆ ಇದ್ದಿದ್ದರೂ ಆ ಕಚೇರಿ ಕೇಳುತ್ತಿರಲಿಲ್ಲ. ತಪ್ಪಾದದ್ದು ಅಳೆದದ್ದು!

ಇದು ಬರೀ ಕಚೇರಿಯವರ ಕಥೆ ಅಲ್ಲ, ನಮ್ಮೆಲ್ಲರದ್ದೂ ಹೌದು. 2019ರಲ್ಲಿ ಮಿಷೆಲ್ ಮೇಯರ್ ಅನ್ನುವ ಸಂಶೋಧಕಿ ಮತ್ತು ಜೊತೆಗಾರರು ಇಂಥದ್ದೇ ಸನ್ನಿವೇಶ ಜನರ ಮುಂದಿಟ್ಟರು. ಸುರಕ್ಷತೆಯ ನಿಯಮಗಳನ್ನು ಡಾಕ್ಟರ ಬ್ಯಾಡ್ಜ್ ಹಿಂದೆ ಅಚ್ಚು ಹಾಕಿಸುವುದು ಸರಿಯಾ? ಸರಿ. ಗೋಡೆಗೆ ಪೋಸ್ಟರ್ ಹಚ್ಚುವುದು? ಅದೂ ಸರಿ. ಕೆಲವು ರೋಗಿಗಳಿಗೆ ಬ್ಯಾಡ್ಜ್ ಇರುವ ಡಾಕ್ಟರು, ಕೆಲವರಿಗೆ ಪೋಸ್ಟರ್ ಇರುವ ಕೋಣೆ ಅಂತ ಚೀಟಿ ಎತ್ತಿದ ಹಾಗೆ ಹಂಚಿ, ಯಾವುದು ಹೆಚ್ಚು ಕೆಲಸ ಮಾಡುತ್ತೆ ಅಂತ ನೋಡುವುದು? ಛೆ ಛೆ, ಅದು ತಪ್ಪು ಅಂದವರು ಮೊದಲಿನ ಎರಡಕ್ಕಿಂತ ಬಹಳ ಜಾಸ್ತಿ ಸಿಕ್ಕಿದರು. ಎರಡು ನಿರುಪದ್ರವಿ ಕೆಲಸಗಳನ್ನು ಹೋಲಿಸಿ ನೋಡುವುದು ಮಾತ್ರ ಹೇಗೆ ಉಪದ್ರವ ಆಗುತ್ತದೋ ನನಗಂತೂ ತಿಳಿಯದು.

ಇಷ್ಟು ಹೇಳಿದ ಕೂಡಲೇ ಯಾರಾದರೂ ಟಸ್ಕೀಗಿ ಹೆಸರು ಎತ್ತುತ್ತಾರೆ. ಎತ್ತಲೇಬೇಕು. 1932ರಿಂದ 1972ರವರೆಗೆ ಅಮೆರಿಕ ಸರಕಾರದ ಆರೋಗ್ಯ ಇಲಾಖೆಯವರು ಅಲಬಾಮಾದಲ್ಲಿ ಸಿಫಿಲಿಸ್ ಇದ್ದ 399 ಕಪ್ಪು ಜನಾಂಗದ ಗಂಡಸರನ್ನು, ರೋಗ ಏನು ಅಂತ ಸರಿಯಾಗಿ ಹೇಳದೆ, ಕೆಟ್ಟ ರಕ್ತ ಇದೆ ಅಂತ ನಂಬಿಸಿ, ಚಿಕಿತ್ಸೆ ಕೊಡದೆ, ರೋಗ ಹೇಗೆ ಮುಂದುವರಿಯುತ್ತದೆ ಅಂತ ನೋಡುತ್ತಾ ಕೂತರು. ಎಥಿಕ್ಸ್ ಕಮಿಟಿ, ಒಪ್ಪಿಗೆ ಪತ್ರ, ಸಂಶೋಧನೆಗೆ ನೀತಿ ಹಾಕಿಕೊಟ್ಟ 1979ರ ಬೆಲ್ಮಾಂಟ್ ವರದಿ, ಇವೆಲ್ಲ ಬಹುಮಟ್ಟಿಗೆ ಈ ಹಗರಣ ಬಯಲಾದ ಮೇಲೆ ಬಂದವು. ಆದ್ದರಿಂದ ಸಂಶೋಧಕರನ್ನು ಅವರ ಪಾಡಿಗೆ ಬಿಟ್ಟುಬಿಡಿ ಅನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಅಲ್ಲಿ ನಡೆದ ಅನ್ಯಾಯ ಯಾವ ಥರದ್ದು ಅಂತ ಸ್ವಲ್ಪ ನೋಡಿ. ಸುಳ್ಳು ಹೇಳಿದ್ದು ಒಂದು. ಇನ್ನೊಂದು, 1940ರ ದಶಕದಲ್ಲೇ ಪೆನಿಸಿಲಿನ್ ಸಿಫಿಲಿಸ್‌ಗೆ ಒಪ್ಪಿತ ಚಿಕಿತ್ಸೆ ಆದ ಮೇಲೂ ಅದನ್ನು ಕೊಡದೆ ಸುಮ್ನೆ ಇದ್ದದ್ದು. ರೋಗವನ್ನು ಅವರು ಹಚ್ಚಿರಲಿಲ್ಲ. 'ನಾವೇನೂ ಮಾಡಿಲ್ಲ, ಪ್ರಕೃತಿ ಹೇಗೆ ನಡೆಯುತ್ತೋ ನೋಡಿದೆವು ಅಷ್ಟೇ' ಅನ್ನುವ ಸಮಾಧಾನ ಆ ಕೆಲಸದ ಒಳಗೇ ಇತ್ತು. ಇಂಥ ಹಗರಣ ತೋರಿಸಿ 'ಅದಕ್ಕೇ ಏನೂ ಮಾಡದಿರುವುದು ಒಳ್ಳೆಯದು' ಅಂತ ಹೇಳುವುದು ಅದನ್ನು ತಲೆಕೆಳಗಾಗಿ ಓದಿದ ಹಾಗೆ.

'ಇದು ಪ್ರಕೃತಿಗೆ ವಿರುದ್ಧ' ಅನ್ನುವ ವಾದದ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. 1847ರಲ್ಲಿ ಜೇಮ್ಸ್ ಸಿಂಪ್ಸನ್ ಅನ್ನುವ ಡಾಕ್ಟರು ಹೆರಿಗೆ ನೋವಿಗೆ ಕ್ಲೋರೋಫಾರ್ಮ್ ಕೊಟ್ಟಾಗಲೂ ಇದೇ ಮಾತು ಬಂತು. 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಹೆರಿಗೆಗೆ ಅದನ್ನೇ ಕೇಳಿ ತಗೊಂಡ ಮೇಲೆ ಬಾಯಿಗಳು ಮುಚ್ಚತೊಡಗಿದವು. ವಾದದಲ್ಲಿ ಸೋತು ಮುಚ್ಚಿದ್ದಲ್ಲ, ಗಮನಿಸಿ. ಪ್ರಣಾಳ ಶಿಶುವಿನದೂ ಅದೇ ಹಾದಿ. 1971ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಆ ಪ್ರಯತ್ನದಲ್ಲಿದ್ದ ಎಡ್ವರ್ಡ್ಸ್ ಮತ್ತು ಸ್ಟೆಪ್ಟೊ ಅವರಿಗೆ ಹಣ ಕೊಡಲು ಒಪ್ಪಲಿಲ್ಲ, 1978ರಲ್ಲಿ ಮೊದಲ ಮಗು ಹುಟ್ಟಿತು, 2010ರಲ್ಲಿ ಎಡ್ವರ್ಡ್ಸ್‌ಗೆ ನೊಬೆಲ್ ಬಂತು. ಅಮೆರಿಕದ ಬಯೋಎಥಿಕ್ಸ್ ಚಿಂತಕ ಲಿಯಾನ್ ಕ್ಯಾಸ್ 1997ರಲ್ಲಿ ಮನುಷ್ಯರ ಕ್ಲೋನಿಂಗ್ ವಿರುದ್ಧ ಬರೆಯುತ್ತಾ, ನಮ್ಮೊಳಗೆ ಏಳುವ ಹೇಸಿಗೆಯಲ್ಲೇ ಒಂದು ತಿಳಿವಳಿಕೆ ಇದೆ ಅಂದರು. 1970ರ ದಶಕದ ಆರಂಭದಲ್ಲಿ ಪ್ರಣಾಳ ಶಿಶುವಿಗೂ ಆಕ್ಷೇಪ ಎತ್ತಿದ್ದವರು ಅವರೇ. ಅವರ ಪರವಾಗಿ ಒಂದು ಮಾತು ಹೇಳಬೇಕು. ಹೇಸಿಗೆ ಒಂದು ವಾದ ಅಲ್ಲ, ನಿನ್ನೆ ಹೇಸಿಗೆ ಅನ್ನಿಸಿದ ಎಷ್ಟೋ ವಿಷಯ ಇವತ್ತು ಮಾಮೂಲು ಅಂತ ಅವರೇ ಒಪ್ಪಿಕೊಂಡಿದ್ದರು. ಮೈ ಜುಮ್ಮೆಂದರೆ ನಿಂತು ನೋಡಬೇಕು, ಅಲ್ಲಿಯವರೆಗೆ ನನಗೂ ಒಪ್ಪಿಗೆ. ನೋಡಿದ ಮೇಲೂ ಜುಮ್ಮೆನ್ನುವುದು ಬಿಟ್ಟು ಬೇರೆ ಕಾರಣ ಸಿಗದಿದ್ದರೆ, ಬೇರೆಯವರನ್ನು ತಡೆಯುವ ಹಕ್ಕು ನಮಗಿಲ್ಲ.

ಜಾರುಬಂಡಿ ವಾದ ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಇವತ್ತು ಇಷ್ಟಕ್ಕೆ ಬಿಟ್ಟರೆ ನಾಳೆ ಅಷ್ಟಕ್ಕೆ ಬಿಡಬೇಕಾಗುತ್ತದೆ ಅನ್ನುವುದು. ಎಷ್ಟೋ ಸಲ ಹಾಗೆ ಆಗಿದೆ ಕೂಡ. ಕೆನಡಾ 2016ರಲ್ಲಿ ಸಾವು ಸಮೀಪಿಸಿದವರಿಗೆ ಅಂತ ವೈದ್ಯಕೀಯ ನೆರವಿನ ಸಾವಿಗೆ ಅವಕಾಶ ಕೊಟ್ಟು, 2021ರಲ್ಲಿ ಆ ಷರತ್ತನ್ನು ಸಡಿಲಿಸಿತು. ಬೆಲ್ಜಿಯಂ 2002ರ ಕಾನೂನನ್ನು 2014ರಲ್ಲಿ ಅಪ್ರಾಪ್ತರಿಗೂ ವಿಸ್ತರಿಸಿತು. ಅದು ಒಳ್ಳೆಯದೋ ಕೆಟ್ಟದ್ದೋ ಬೇರೆ ಮಾತು, ಗೆರೆ ಸರಿದದ್ದಂತೂ ನಿಜ. ಇನ್ನೊಂದು ಕಡೆ ಭ್ರೂಣವನ್ನು ಲ್ಯಾಬಿನಲ್ಲಿ 14 ದಿನಕ್ಕಿಂತ ಹೆಚ್ಚು ಇಡಬಾರದು ಅನ್ನುವ ಗೆರೆ ಇದೆ. ಬ್ರಿಟನ್ನಿನ ಸರಕಾರಿ ಸಮಿತಿಯೊಂದರ 1984ರ ವಾರ್ನಾಕ್ ವರದಿಯಲ್ಲಿ ಬಂದು 1990ರಲ್ಲಿ ಬ್ರಿಟನ್ನಿನ ಕಾನೂನಾಯಿತು, ದಶಕಗಳ ಕಾಲ ಅಲ್ಲಾಡದೆ ನಿಂತಿತು. ನೋಡಿ, ಗೆರೆ ಹಾಕಿದರೆ ನಿಲ್ಲುತ್ತೆ ಅಂತ ಇದನ್ನೇ ಎಲ್ಲರೂ ತೋರಿಸುತ್ತಿದ್ದರು. ಆದರೆ 2016ರವರೆಗೆ ಯಾರಿಗೂ ಭ್ರೂಣವನ್ನು 12-13 ದಿನದವರೆಗೆ ಬೆಳೆಸುವುದಕ್ಕೇ ಬಂದಿರಲಿಲ್ಲ! ಬಂದ ಐದೇ ವರ್ಷಕ್ಕೆ, 2021ರಲ್ಲಿ, ಸ್ಟೆಮ್ ಸೆಲ್ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಂಘ ತನ್ನ ಮಾರ್ಗಸೂಚಿಯಲ್ಲಿ ಆ ಕಟ್ಟುನಿಟ್ಟನ್ನು ಸಡಿಲ ಮಾಡಿತು. ಹಾಗಾಗಿ ಜಾರುಬಂಡಿ ಅಂದವರಿಗೆ ನಾನು ಕೇಳುವುದು, ತಳ್ಳುವವರು ಯಾರು, ತಡೆ ಎಲ್ಲಿದೆ ಅಂತ. ಉತ್ತರ ಇದ್ದರೆ ಗಂಭೀರವಾಗಿ ತಗೊಳ್ಳುತ್ತೇನೆ. ಜೊತೆಗೆ, ಈಗ ನಿಂತಿರುವ ಜಾಗ ಸಮತಟ್ಟಾಗಿದೆ ಅಂತ ಯಾರು ಹೇಳಿದರು ಅಂತಲೂ ಕೇಳುತ್ತೇನೆ.

ಈ ಕೊನೆಯ ಪ್ರಶ್ನೆಗೆ ನಿಕ್ ಬಾಸ್ಟ್ರಮ್ ಮತ್ತು ಟೋಬಿ ಆರ್ಡ್ ಅನ್ನುವ ತತ್ವಶಾಸ್ತ್ರಜ್ಞರು 2006ರಲ್ಲಿ ಒಂದು ಸರಳ ಉಪಾಯ ಕೊಟ್ಟಿದ್ದಾರೆ. ಒಂದನ್ನು ಹೆಚ್ಚು ಮಾಡಿದರೆ ಕೆಟ್ಟದ್ದು ಅನ್ನುತ್ತೀರಾ? ಹಾಗಾದರೆ ಅದನ್ನೇ ಕಡಿಮೆ ಮಾಡಿದರೆ ಒಳ್ಳೆಯದಾ? ಅದೂ ಕೆಟ್ಟದ್ದು ಅಂದರೆ, ಈಗಿರುವ ಮಟ್ಟವೇ ಎಲ್ಲಕ್ಕಿಂತ ಸರಿ ಅಂತಾಯಿತು. ಅದು ಹೇಗೆ ಅಷ್ಟು ಕರೆಕ್ಟಾಗಿ ಬಂದು ನಿಂತಿತು, ಸ್ವಲ್ಪ ವಿವರಿಸಿ. ಕೆಲವು ಸಲ ವಿವರಣೆ ಇರುತ್ತದೆ. ದೇಹದ ಉಷ್ಣಾಂಶ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ, ಅದಕ್ಕೆ ಕಾರಣ ಗೊತ್ತಿದೆ. ಎಷ್ಟೋ ಸಲ ವಿವರಣೆ ಇರುವುದಿಲ್ಲ, ಅಭ್ಯಾಸ ಅಷ್ಟೇ.

ಇನ್ನು ಮನೆಯವರು ಆಸ್ಪತ್ರೆಯಲ್ಲಿ ನಿರ್ಧಾರ ಮಾಡುವಾಗ ಇದೆಲ್ಲ ಏನು ಉಪಯೋಗಕ್ಕೆ ಬರುತ್ತೆ? ನನಗೆ ಉಪಯೋಗಕ್ಕೆ ಬಂದದ್ದು ಹೇಳುತ್ತೇನೆ. ಡಾಕ್ಟರು ಒಂದು ಆಪರೇಷನ್ ಬಗ್ಗೆ ಹೇಳಿದರೆ, ಅದರ ಅಪಾಯ ಕೇಳಿದ ಮೇಲೆ 'ಇದನ್ನು ಮಾಡಿಸದಿದ್ದರೆ ಏನಾಗುತ್ತೆ ಡಾಕ್ಟ್ರೇ?' ಅಂತಲೂ ಕೇಳಿ. ಎರಡಕ್ಕೂ ಒಂದೇ ಥರದ ಲೆಕ್ಕ ಕೇಳಿ. ಇಂಥ ರೋಗಿಗಳು ನೂರು ಜನ ಇದ್ದರೆ, ಮಾಡಿಸಿದವರಲ್ಲಿ ಎಷ್ಟು ಜನ ಒಂದು ವರ್ಷಕ್ಕೆ ಇರುತ್ತಾರೆ, ಮಾಡಿಸದವರಲ್ಲಿ ಎಷ್ಟು ಜನ ಅಂತ. ಬದುಕುವವರ ಲೆಕ್ಕವನ್ನೂ ಸಾಯುವವರ ಲೆಕ್ಕವನ್ನೂ ಎರಡನ್ನೂ ಹೇಳಿಸಿಕೊಳ್ಳಿ. ಇದು ತಮಾಷೆಯಲ್ಲ. 1982ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ನೋ ರೇಡಿಯೇಷನ್ನೋ ಅಂತ ಕೇಳಿದ್ದರು. ಅಂಕಿಗಳನ್ನು ಬದುಕುವವರ ಲೆಕ್ಕದಲ್ಲಿ ಕೊಟ್ಟಾಗ 18 ಪರ್ಸೆಂಟ್ ಜನ ರೇಡಿಯೇಷನ್ ಆರಿಸಿಕೊಂಡರು. ಅದೇ ಅಂಕಿಗಳನ್ನು ಸಾಯುವವರ ಲೆಕ್ಕಕ್ಕೆ ತಿರುಗಿಸಿ ಕೊಟ್ಟಾಗ 44 ಪರ್ಸೆಂಟ್. ಉತ್ತರ ಕೊಟ್ಟವರಲ್ಲಿ ಡಾಕ್ಟರುಗಳೂ ಇದ್ದರು, ಅವರೇನೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ.

ಕೆಲವು ಡಾಕ್ಟರಿಗೆ ಹೀಗೆ ಕೇಳಿದರೆ ಸಿಡಿಮಿಡಿ ಆಗುತ್ತದೆ. ಹೆಚ್ಚಿನವರು ಒಂದು ಕ್ಷಣ ತಡೆದು, ಆಮೇಲೆ ಮೊದಲಿಗಿಂತ ಬಿಚ್ಚಿ ಮಾತಾಡುತ್ತಾರೆ. ಎಷ್ಟೋ ಸಲ ಬರುವ ಉತ್ತರ, ಅದಕ್ಕೆ ಸರಿಯಾದ ಲೆಕ್ಕ ಇಲ್ಲ, ಇಬ್ಬರು ಡಾಕ್ಟರು ಎರಡು ಥರ ಮಾಡುತ್ತಾರೆ ಅಂತ. ಅದು ಒಳ್ಳೆಯ ಉತ್ತರ. ಆಗ ಇನ್ನೊಂದು ಕೇಳಬಹುದು, ಎರಡನ್ನೂ ಹೋಲಿಸಿ ನೋಡುವ ಪ್ರಯೋಗ ಎಲ್ಲಾದರೂ ನಡೆಯುತ್ತಿದೆಯಾ ಅಂತ. ನಡೆಯುತ್ತಿದ್ದರೆ ಒಪ್ಪಿಗೆ ಪತ್ರ ತರಿಸಿ ನಿಧಾನವಾಗಿ ಓದಿ. ಸೇರಿದರೆ ಏನು ಅಪಾಯ, ಸೇರದಿದ್ದರೆ ಏನು ಅಪಾಯ, ಎರಡನ್ನೂ ಬರೆದಿದ್ದಾರಾ ನೋಡಿ. ಬರೆದಿದ್ದರೆ ನಾನಂತೂ ಸಹಿ ಹಾಕುತ್ತೇನೆ.